ಹದಿನೇಳು ಮನೆಗಳಿಗೆ ಒಬ್ಬಳೇ ಅವ್ವ

ಹೊಸ ಸಂಗನದಿನ್ನಿ,
೯ ಮಾರ್ಚ್ ೨೧೧೮

ಮುತ್ತಜ್ಜಿ ವಿಶಾಲಾಕ್ಷಿಯವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಾನು ಇಂದುಧರೆ, ನಿಮ್ಮ ಮಗಳ ಮೊಮ್ಮಗಳು. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ.

ನಿಮ್ಮ ಸಂಗನದಿನ್ನಿ ಈಗ ಹಿನ್ನೀರಿನ ತಳದಲ್ಲಿದೆ. ನಾವು ಮೇಲಿನ ಗುಡ್ಡದಲ್ಲಿದ್ದೇವೆ. ಬೆಳಗಾದರೆ ಇಬ್ಬನಿಬಲೆಗಳಿಂದ, ಅಂದರೆ ಗಾಳಿಯ ತೇವ ಹಿಡಿಯುವ ಪರದೆಗಳಿಂದ, ನೀರಿಳಿಸಿಕೊಳ್ಳುತ್ತೇವೆ. ರೊಟ್ಟಿ ಮಾತ್ರ ಇಂದಿಗೂ ಜೋಳದ್ದೇ. ಊರ ನಡುವೆ ನೆನಪಿನ ಮನೆಯಿದೆ. ಅದನ್ನು ನೋಡಿಕೊಳ್ಳುವವಳು ನಾನು. ಅದರ ಬಾಗಿಲ ಮೇಲೆ 'ಊರನ್ನು ಉಳಿಸಿದವರು' ಎಂದು ನಿಮ್ಮ ಹೆಸರಿದೆ. ಆ ಹೆಸರಿನ ಕೆಳಗೆ ಓಡಾಡಿಯೇ ನಾನು ಬೆಳೆದೆ.

ಊರು ಮುಳುಗುವ ಮೊದಲು ಜನ ತಮ್ಮ ಹಳೆಯ ಫೋಟೋಗಳನ್ನು ಹಾಕಲೆಂದು ನೀವು ವೆಬ್‌ಸೈಟ್ ಮಾಡಿದಿರಿ. ಒಮ್ಮೆ ಅಪ್‌ಲೋಡ್ ಆದರೆ ಕಾಗದದ ಪ್ರತಿಯ ಚಿಂತೆ ಬೇಡ ಎಂದು ಮನೆಮನೆಗೂ ಹೋಗಿ ಹೇಳಿದಿರಿ. ಜನ ನಂಬಿದರು. ಗೆದ್ದಲು ಹಿಡಿದ ಚೌಕಟ್ಟುಗಳನ್ನು ಹಳೆಯ ಮನೆಗಳಲ್ಲೇ ಬಿಟ್ಟು ಬಂದರು.

ಕಳೆದ ತಿಂಗಳು ನಾನು ಎಲ್ಲ ಮನೆಗಳ ಫೋಟೋಗಳನ್ನು ಮೊದಲ ಬಾರಿಗೆ ಒಂದೇ ಗೋಡೆಯ ಮೇಲೆ ತಂದೆ. ಅಲ್ಲಿಯವರೆಗೆ ಪ್ರತಿ ಮನೆಯವರೂ ತಮ್ಮದನ್ನಷ್ಟೇ ನೋಡುತ್ತಿದ್ದರು. ಗೋಡೆ ಬೆಳಗಿದಾಗ ಹದಿನೇಳು ಮನೆಗಳ ಹೆಸರಿನ ಮೇಲೆ ಒಬ್ಬಳೇ ಹೆಂಗಸು ಕೂತಿದ್ದಳು. ಅದೇ ಮೂಗುತಿ, ಅದೇ ಒಡೆದ ಕುರ್ಚಿ. ನೋಡಲು ಬಂದವರೆಲ್ಲ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಹತ್ತಿರ ಹೋಗಿ ತಮ್ಮ ಮನೆಯ ಹೆಸರನ್ನು ಮತ್ತೆ ಓದಿಕೊಂಡರು.

ಕಾರಣ ಹುಡುಕುತ್ತಾ ಹೋದಾಗ ನಿಮ್ಮ ಕಾಲದ ದೂರು ಕರೆಗಳ ರೆಕಾರ್ಡಿಂಗ್‌ಗಳು ಸಿಕ್ಕವು. ನಿಮ್ಮ ದನಿ ಕೇಳುತ್ತೇನೆಂದು ಎಷ್ಟು ಹಿಗ್ಗಿದ್ದೆ! ಕರೆ ಮಾಡಿದವರು ಹಿಟ್ಟಿನ ಗಿರಣಿಯ ಗೌರವ್ವ.

"ಯವ್ವಾ, ನಮ್ಮವ್ವನ ಫೋಟೋ ಹಾಕಿದ್ನಿ. ಈಗ ನೋಡಿದ್ರ ಬ್ಯಾರೆ ಯಾರೋ ಕುಂತಾರ."

"ನಿಮ್ಮ ಫೋನಿನಾಗ ಏನರ ತೊಂದ್ರಿ ಆಗಿರ್ಬೇಕ್ರಿ. ಇನ್ನೊಮ್ಮೆ ಹಾಕ್ರಿ, ಬರತೈತಿ," ಎಂದಿರಿ ನೀವು.

ಗೌರವ್ವ ಆಗಲೇ ಮತ್ತೆ ಹಾಕಿದರು. "ಬಂತು ನೋಡವ್ವಾ, ನಮ್ಮವ್ವ ಬಂದ್ಳು! ದೇವ್ರು ನಿನ್ನ ಚಲೋ ಇಡ್ಲಿ," ಎಂದರು. ಕರೆ ಮುಗಿಯಿತೆಂದುಕೊಂಡು ನೀವು ಪಕ್ಕದವರಿಗೆ ಹೇಳಿದ್ದೂ ಅದರಲ್ಲಿದೆ:

"ಎಲ್ಲಾರೂ ಫೈಲಿಗೆ 'ಅವ್ವ' ಅಂತನ ಹೆಸರಿಟ್ಟಾರ. ಒಂದು ಹಾಕಿದ್ರ ಮೊದಲಿಂದು ಅಳಿಸಿ ಹೋಗತೈತಿ. ನನಗ ಗೊತ್ತೈತಿ. ಈಗ ಬಾಯಿಬಿಟ್ರ ಉದ್ಘಾಟನೆ ನಿಲ್ತೈತಿ, ಸುಮ್ನಿರು."

ಗೊತ್ತಿಲ್ಲದೆ ಮಾಡಿದ್ದರೆ ನಾನು ನಿಮ್ಮ ಪರ ನಿಲ್ಲುತ್ತಿದ್ದೆ. ಬಂದ ಪ್ರತಿ ಫೈಲಿಗೂ ಯಂತ್ರವೇ ಬೇರೆ ಹೆಸರು ಕೊಡುವಂತೆ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ನೀವು ಉದ್ಘಾಟನೆ ಮುಗಿಸಿ ಹಾರ ಹಾಕಿಸಿಕೊಂಡಿರಿ. ಅಂದೇ ಸಂಜೆ ಇನ್ಯಾರೋ ತಮ್ಮ ಅವ್ವನನ್ನು ಹಾಕಿದರು. ಗೌರವ್ವನ ಅವ್ವ ಮತ್ತೆ ಅಳಿಸಿಹೋದಳು. ಅದು ಗೌರವ್ವನಿಗೆ ತಿಳಿಯಲೇ ಇಲ್ಲ.

ನಿನ್ನೆ ನೆನಪಿನ ಮನೆಯಲ್ಲಿ ಎಲ್ಲರನ್ನೂ ಕೂಡಿಸಿ ಆ ಕರೆ ಕೇಳಿಸಿದೆ. ಬಾಗಿಲಿನಿಂದ ನಿಮ್ಮ ಹೆಸರನ್ನು ನಾನೇ ಕಿತ್ತೆ. ಗೌರವ್ವನ ಮೊಮ್ಮಗಳು ನೀಲಾಂಬಿಕೆಗೆ ಎಂಬತ್ತು ವರ್ಷ. ಅವರು ಕೂತಲ್ಲೇ ಕೇಳಿದರು: "ನಲವತ್ತು ವರ್ಷ ಈ ಮಾರಿಗೆ ಕೈ ಮುಗದೀನಿ. ಹಂಗಾರ ನಮ್ಮಾಕಿ ಹೆಂಗಿದ್ಳು, ಇಂದೂ?"

ನಿಮ್ಮ ಪರವಾಗಿ ಕ್ಷಮೆ ಕೇಳು ಎಂದು ಕೆಲವರು ಒತ್ತಾಯಿಸಿದರು. ನಾನು ಕೇಳಲಿಲ್ಲ. ಅದು ನನ್ನ ಕೆಲಸವಲ್ಲ.

ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ನಿಮ್ಮನ್ನು ತಲುಪುವ ಹೊತ್ತಿಗೆ ಉದ್ಘಾಟನೆ ಮುಗಿದು ಎರಡು ವಾರವಾಗಿರುತ್ತದೆ, ಊರಿಗೆ ಹಿನ್ನೀರು ನುಗ್ಗಲು ಇನ್ನೂ ಒಂಬತ್ತು ದಿನವಿರುತ್ತದೆ. ಗೌರವ್ವನ ಗಿರಣಿ ನಡೆಯುತ್ತಿರುತ್ತದೆ. ಕಾಗದದ ಫೋಟೋ ಅವರ ಅಡುಗೆಮನೆಯ ಗೋಡೆಯಲ್ಲೇ ಇರುತ್ತದೆ. ಫೋನ್ ಮಾಡಬೇಡಿ, ಮುತ್ತಜ್ಜಿ. ನಡೆದು ಹೋಗಿ, ಅವರೆದುರು ಕೂತು, ಗೊತ್ತಿದ್ದೂ ಸುಳ್ಳು ಹೇಳಿದೆ ಎನ್ನಿ. ಆಮೇಲೆ ಉಳಿದ ಹದಿನಾರು ಮನೆಗಳಿಗೂ ಹೋಗಿ.

ಇಂದುಧರೆ