ಗಗನ ಕಾಯುವ ರೀತಿ

12 ಫೆಬ್ರವರಿ, ಬುಧವಾರ

ಗಗನ ಬಸ್ಸಿನಲ್ಲಿ ಕೇಳಿದ್ದು ಇನ್ನೂ ತಲೆಯಿಂದ ಇಳಿದಿಲ್ಲ.

ಬುದ್ಧಿ ಬೆಳವಣಿಗೆ ನಿಧಾನವಾದವರ ಡೇ ಕೇರ್ ಸೆಂಟರ್ ಹೇಗೆ ನಡೆಯುತ್ತಿದೆ ಎಂಬ ಸಮೀಕ್ಷೆಗೆ ಈ ಸಲ ಅವರಲ್ಲೇ ಒಬ್ಬರು ಬಂದು ಪ್ರಶ್ನೆ ಕೇಳಲಿ ಎಂದು ಆಫೀಸಿನವರು ಹೇಳಿದಾಗ ಗೊಣಗಿದವಳು, ಇಷ್ಟು ವರ್ಷ ಈ ಸಮೀಕ್ಷೆ ಮಾಡಿಕೊಂಡು ಬಂದ ನಾನು. ಗಗನ ಅದೇ ಸೆಂಟರಿನಲ್ಲಿ ಆರು ವರ್ಷ ಇದ್ದವಳು. ಒಂದು ಮನೆಗೆ ಒಂದು ಗಂಟೆ ತೆಗೆದುಕೊಳ್ಳುತ್ತಾಳೆ.

ಇವತ್ತು ಪೂರಿಗಾಲಿಯಲ್ಲಿ, ಸೆಂಟರಿಗೆ ಬರುವ ಮಹದೇವುವಿನ ಮನೆ. "ಸೆಂಟರಲ್ಲಿ ಊಟ ಎಂಗದೆ?" ಎಂದು ಗಗನ ಅವನನ್ನು ಕೇಳಿದ್ದೇ ತಡ, ಅವನ ತಾಯಿ ಚಿಕ್ಕಮಾದಮ್ಮ, "ಅವ್ನಿಗೇನ್ ಗೊತ್ತಾಯ್ತದೆ? ಚೆಂದಾಗದೆ ಅಂತ ಬರ್ಕೊಬುಡು ಕಣವ್ವ" ಎಂದರು. ನಾನಾಗಿದ್ದರೆ ಬರೆದುಕೊಂಡು ಎದ್ದುಬಿಡುತ್ತಿದ್ದೆ.

"ತಡೀರವ್ವ, ನಾನ್ ಕೇಳಿದ್ದು ಅವನ್ನ."

ಗಗನ ಪೆನ್ನು ಕೆಳಗಿಟ್ಟು ಕಾಯುತ್ತ ಕುಳಿತಳು. ಮಾತು ಹುಡುಕಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತು. ನನಗೋ ಕೂರಲಾಗುತ್ತಿರಲಿಲ್ಲ. ಐದು ನಿಮಿಷವೇ ಆಗಿರಬೇಕು.

"ಆಯಾ ಬಾಯ್ಗೆ ಇಕ್ತಾಳೆ," ಎಂದ ಮಹದೇವು. "ಬ್ಯಾಡ. ಮುದ್ದೆ ನಾನೇ ಮುರ್ಕೊಂಡು ಉಣ್ತೀನಿ."

ಮೂವತ್ತೆರಡು ವರ್ಷದ ಗಂಡಸು. ಚಿಕ್ಕಮಾದಮ್ಮ ಮಗನನ್ನೇ ನೋಡುತ್ತ ನಿಂತರು. ಎಂಥ ಹುಡುಗಿ ಈ ಗಗನ! ಮೂರು ವರ್ಷದಿಂದ ಅವನ ಫಾರಂನಲ್ಲಿ "ಊಟ: ತೃಪ್ತಿಕರ" ಎಂದಿರುವುದು ನನ್ನದೇ ಕೈಬರಹ.

ಬಸ್ಸು ಹತ್ತಿ ಕುಳಿತ ಮೇಲೆ ಕೇಳಿದಳು: "ಅಕ್ಕ, ನೀವ್ಯಾಕೆ ಅವನ್ನ ಕೇಳ್ನಿಲ್ಲ?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಮತ್ತೆ ಕೇಳಲಿಲ್ಲ. ಮಹದೇವುವಿನ ಮಾತಿಗೆ ಕಾದಂತೆಯೇ, ಮಳವಳ್ಳಿ ಬಸ್ ಸ್ಟ್ಯಾಂಡ್ ಬರುವವರೆಗೂ ನನ್ನ ಮಾತಿಗೂ ಕಾದಳು.