ಕೊಳದ ಕಡೆಯ ಬಕೆಟ್

ಲಿಂಡೆನ್‌ರೋಡೆ
ಏಪ್ರಿಲ್ ೧೯, ಭಾನುವಾರ

ಪ್ರೀತಿಯ ಮರೈಕೆ,

ಹೇಗಿದ್ದೀಯ? ನಿನ್ನ ಕಾರ್ಡಿಗೆ ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನಿನಗೆ ಯಾವುದೋ ಕೆಲಸ ನೆನಪಾಗಿಬಿಡುತ್ತದೆ. ಕಾಗದವನ್ನು ಅರ್ಧಕ್ಕೇ ಮಡಿಸಿಟ್ಟರೂ ಅದು ಮೇಜಿನ ಮೇಲೆ ಕೂತು ನಿನ್ನನ್ನು ನೋಡುತ್ತಿರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬೆಳಗಿನಿಂದ ಕೂರುವುದು, ಏಳುವುದು ಇದೇ ಆಗಿದೆ. ಒಮ್ಮೆ ಕಾಫಿಗೆಂದು ಎದ್ದೆ, ಒಮ್ಮೆ ಮೆರ್ಲೆಯ ಗಮ್ ಬೂಟು ಒಳಗಿಡಲು ಎದ್ದೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಹೋಗಿ ನೋಡಿ ಬಂದೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಅದನ್ನು ಮೊದಲು ಹೇಳಬೇಕಿತ್ತು. ಹೊಟ್ಟೆ ತುಂಬ ತಿನ್ನುತ್ತಾಳೆ, ಮೈತುಂಬ ಕೆಸರು ಮಾಡಿಕೊಳ್ಳುತ್ತಾಳೆ. ಗೋಡೆಯಿಲ್ಲದ ನಮ್ಮ ಕಾಡಿನ ಶಿಶುವಿಹಾರದಲ್ಲಿ ನಾನು ಕಲಿಸುವ ಮಕ್ಕಳಲ್ಲಿ, ಚಾಕುವಿನಿಂದ ಕೋಲು ಕೆತ್ತುವುದನ್ನು ಎಲ್ಲರಿಗಿಂತ ಮೊದಲು ಕಲಿತಳು. ಎಮ್ಡೆನ್‌ನಲ್ಲಿ ಮನೆ ಸಿಕ್ಕ ಕೂಡಲೇ ಕರೆದುಕೊಂಡು ಹೋಗುತ್ತೇನೆ ಎಂದು ಕಳೆದ ಶರತ್ಕಾಲದಲ್ಲಿ ಅವಳನ್ನು ನನ್ನ ಬಳಿ ಬಿಟ್ಟು ಹೋದೆ. ಮೊದಲು ಕ್ರಿಸ್‌ಮಸ್ ಅಂದೆ, ಆಮೇಲೆ ಈಸ್ಟರ್ ಅಂದೆ. ಈಸ್ಟರಿಗೆ ಚಾಕಲೇಟಿನ ಮೊಲ ಬಂತು, ನೀನು ಬರಲಿಲ್ಲ. ಹೊಸ ಊರು, ಹೊಸ ಕೆಲಸ, ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಎಲ್ಲವೂ ಅರ್ಥವಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಈಗ ನಡೆದದ್ದನ್ನು ಕೇಳು. ಈ ವರ್ಷವೂ ನೆಲಗಪ್ಪೆಗಳು ಕಾರುಗಳ ಚಕ್ರಕ್ಕೆ ಸಿಗದಿರಲೆಂದು ರಸ್ತೆಯ ಎರಡೂ ಬದಿಗೆ ಬೇಲಿ ಹಾಕಿ, ಅದರ ಬುಡದಲ್ಲಿ ಬಕೆಟ್‌ಗಳನ್ನು ಹೂತಿದ್ದೇವೆ. ಚಿಕ್ಕವಳಿದ್ದಾಗ ನೀನೂ ಮೂಗು ಮುರಿಯುತ್ತಲೇ ಬಕೆಟ್ ಹೊತ್ತವಳು, ನಿನಗೆ ಗೊತ್ತಿದ್ದದ್ದೇ. ಮಾರ್ಚಿನಲ್ಲಿ ಕಾಡಿನ ಕಡೆಯ ಬಕೆಟ್‌ಗಳಿಗೆ ಬಿದ್ದವನ್ನು ಕೊಳಕ್ಕೆ ದಾಟಿಸಬೇಕು. ಮೊಟ್ಟೆಯಿಟ್ಟು ಹೊರಟವು ಕೊಳದ ಕಡೆಯ ಬಕೆಟ್‌ಗಳಿಗೆ ಬೀಳುತ್ತವೆ, ಅವನ್ನು ವಾಪಸು ಕಾಡಿಗೆ ಬಿಡಬೇಕು. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಬಕೆಟ್. ಮೆರ್ಲೆ ಕೊಳದ ಕಡೆಯ ಕೊನೆಯ ಬಕೆಟ್ ಬೇಕೆಂದು ಹಟ ಹಿಡಿದಳು. ಶಿಕ್ಷಕಿಯ ಮೊಮ್ಮಗಳಲ್ಲವೇ, ಕೊಟ್ಟೆವು.

ಉಳಿದ ಬಕೆಟ್‌ಗಳಲ್ಲಿ ದಿನವೂ ಕಪ್ಪೆ, ಇವಳದ್ದು ಮಾತ್ರ ದಿನವೂ ಖಾಲಿ. ಬೇಲಿಯ ಉಸ್ತುವಾರಿಯ ಬ್ರಿಂಕ್‌ಮನ್ ನಿನಗೆ ನೆನಪಿರಬೇಕು, ನಗುವುದಕ್ಕೂ ಯಾರದೋ ಒಪ್ಪಿಗೆ ಬೇಕೆನ್ನುವಂತೆ ಇರುವ ಮನುಷ್ಯ. ನರಿ ಬಂದು ತಿಂದು ಹೋಗುತ್ತಿದೆ ಎಂದು ಅವನ ಲೆಕ್ಕಾಚಾರ. ನರಿಯನ್ನು ಹಿಡಿಯಲು ಹೋದ ವಾರ ಬೆಳಿಗ್ಗೆ ಬೇಗ ಬಂದು ಮರದ ಹಿಂದೆ ನಿಂತಿದ್ದಾನೆ. ಬಂದದ್ದು ನರಿಯಲ್ಲ. ನಾನು ಈಚೆ ಮಕ್ಕಳಿಗೆಲ್ಲ ಕೈಗವಸು ಹಾಕಿಸುತ್ತಿದ್ದಾಗ ಮೆರ್ಲೆ ಓಡಿಹೋಗಿ, ಬಕೆಟ್ಟಿನಿಂದ ಕಪ್ಪೆಗಳನ್ನು ಎತ್ತಿಕೊಂಡು, ಕಾಡಿಗಲ್ಲ, ಮತ್ತೆ ಕೊಳಕ್ಕೇ ಬಿಡುತ್ತಿದ್ದಳು. ಅವು ಪಾಪ ಮತ್ತೆ ಹತ್ತಿ ಬರುವುದು, ಮತ್ತೆ ಬೀಳುವುದು, ಇವಳು ಮತ್ತೆ ನೀರಿಗೆ ಬಿಡುವುದು. ಮೊಟ್ಟೆಯಿಟ್ಟು ಸೊರಗಿದ್ದ ಹೆಣ್ಣುಗಳು ಇನ್ನಷ್ಟು ಬಡಕಲಾಗಿದ್ದವು. ಒಂದು ಸತ್ತೂ ಹೋಗಿತ್ತು.

ಬ್ರಿಂಕ್‌ಮನ್ ಎಲ್ಲರೆದುರಿಗೇ, ನಾಳೆಯಿಂದ ನಿಮ್ಮ ಮೊಮ್ಮಗಳನ್ನು ಬೇಲಿಯ ಹತ್ತಿರ ಕರೆತರಬೇಡಿ ಅಂದ. ನನಗೂ ಸಿಟ್ಟು ಬಂದಿತ್ತು. ಇಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ಕಲಿಸಿದವಳ ಮನೆಯಲ್ಲೇ ಹೀಗಾಗಬೇಕೇ ಎಂದು ಮೈ ಉರಿಯಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಲಿಲ್ಲ.

"ಅವು ಮೊಟ್ಟೆ ಬಿಟ್ಬಿಟ್ಟು ಹೋಗ್ತಿದ್ವು ಅಜ್ಜಿ. ದಾರಿ ತಪ್ಪಿರ್ಬೇಕು ಅಂತ ವಾಪಸ್ ಕರ್ಕೊಂಡು ಹೋದೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಲ್ಲಿ ಮತ್ತೆ ಎದ್ದು ಹೋಗಿದ್ದೆ, ಮರೈಕೆ. ಕಿಟಕಿ ತೆರೆದೆ, ಚಳಿಯಾಯಿತು, ಮುಚ್ಚಿದೆ.

ನನ್ನ ಪದ್ಧತಿ ನಿನಗೆ ಗೊತ್ತು. ಬಾಯಲ್ಲಿ ಹೇಳಿದ್ದು ಮಕ್ಕಳ ಕಿವಿಯಲ್ಲಿ ನಿಲ್ಲುವುದಿಲ್ಲ, ಕೈಗೆ ತಾಗಬೇಕು. ಅವಳನ್ನು ಕೊಳದ ದಂಡೆಗೆ ಕರೆದೊಯ್ದು ಹೊಟ್ಟೆಯ ಮೇಲೆ ಮಲಗಿಸಿ, ಅಂಗಿಯ ತೋಳು ಮಡಿಸಿ, ಕೈಯನ್ನು ನೀರಿಗೆ ಬಿಡಿಸಿದೆ. ಜೊಂಡಿಗೆ ಸುತ್ತಿಕೊಂಡಿದ್ದ ಮೊಟ್ಟೆಯ ಸರಗಳನ್ನು ಮೆಲ್ಲಗೆ ಮುಟ್ಟಿಸಿದೆ. ನೋಡು, ಉಳಿದ ಕಡೆಗಿಂತ ಇಲ್ಲಿ ನೀರು ಕಡಿಮೆ ತಣ್ಣಗಿದೆ, ಬಿಸಿಲು ಇಲ್ಲೇ ಬೀಳುತ್ತದೆ, ತಾಯಿ ಜಾಗ ಹುಡುಕಿಯೇ ಇಟ್ಟಿದ್ದಾಳೆ ಅಂದೆ. ಅವಳಿಗೆ ಇಲ್ಲಿ ಮಾಡುವುದಕ್ಕೆ ಇನ್ನೇನೂ ಇಲ್ಲ, ಹಸಿವಾಗಿದೆ, ಊಟ ಕಾಡಿನಲ್ಲಿದೆ, ಹೋದದ್ದು ತಪ್ಪಲ್ಲ ಎಂದೂ ಹೇಳಿದೆ. ಯಾರು ನೋಡ್ಕೋತಾರೆ ಎಂದಳು. ನೀರು ನೋಡಿಕೊಳ್ಳುತ್ತದೆ ಅಂದೆ. ಬಹಳ ಹೊತ್ತು ಕೈ ಹೊರಗೆ ತೆಗೆಯಲಿಲ್ಲ. ಬೆರಳುಗಳು ಕೆಂಪಾಗಿ ಮರಗಟ್ಟಿದ್ದವು, ನನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದೆ.

ಮರುದಿನ ನಾನೇ ಬ್ರಿಂಕ್‌ಮನ್ ಜೊತೆ ಜಗಳವಾಡಿ ಅವಳನ್ನು ಬೇಲಿಗೆ ಕರೆದೊಯ್ದೆ. ತಪ್ಪು ಮಾಡಿದ ಮಗುವನ್ನು ದೂರ ಇಟ್ಟರೆ ಅದು ತಪ್ಪನ್ನಷ್ಟೇ ಕಲಿಯುತ್ತದೆ ಅಂದೆ. ಗೊಣಗಿದ, ಆದರೆ ಬಕೆಟ್ ತಾನೇ ತಂದು ಅವಳ ಕೈಗೆ ಕೊಟ್ಟ. ಅವಳು ನನ್ನ ಕೈ ಹಿಡಿದು ರಸ್ತೆ ದಾಟಿ, ಕಪ್ಪೆಗಳನ್ನು ಒಂದೊಂದಾಗಿ ಒಣಗಿದ ಎಲೆಗಳ ಮೇಲೆ ಬಿಟ್ಟಳು. ಆಮೇಲೆ ದಿನವೂ ಹಾಗೆಯೇ ಮಾಡುತ್ತಿದ್ದಾಳೆ. ಮೊನ್ನೆ ಸರಗಳು ಒಡೆದವು. ನೀರಿನ ತುಂಬ ಕಪ್ಪು ಗೊದಮೊಟ್ಟೆಗಳು. ನಮ್ಮ ಶಿಶುವಿಹಾರವೆಲ್ಲ ದಂಡೆಯಲ್ಲಿ ಬೋರಲು ಬಿದ್ದಿತ್ತು. ಮಕ್ಕಳೆಲ್ಲ ಕಿರುಚಾಡಿದರು, ಮೆರ್ಲೆ ಮಾತ್ರ ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡಿದಳು. ಎಲ್ಲರೂ ನನ್ನನ್ನು ಒಳ್ಳೆಯ ಶಿಕ್ಷಕಿ ಎಂದು ಹೊಗಳಿದರು. ನಾನೂ ಸ್ವಲ್ಪ ಬೀಗಿದೆ.

ಬರುವ ಭಾನುವಾರ ಬೇಲಿ ಕೀಳುತ್ತೇವೆ. ಬೆಂಕಿ ಹಾಕಿ, ಹಿಟ್ಟನ್ನು ಕೋಲಿಗೆ ಸುತ್ತಿ ರೊಟ್ಟಿ ಸುಡುತ್ತೇವೆ. ನೀನು ಬಾ. ಮನೆ ಸಿಗದಿದ್ದರೂ ಬಾ, ಒಂದೇ ದಿನಕ್ಕಾದರೂ ಬಾ. ಮನಸ್ಸಿನಲ್ಲಿ ಏನಿದ್ದರೂ ನನ್ನೆದುರು ಕೂತು ಹೇಳು, ನಾನು ಕೂಗಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಮುದ್ರದ ಗಾಳಿಗೆ ಕತ್ತಿಗೆ ಬಟ್ಟೆ ಸುತ್ತದೆ ಓಡಾಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಮಗಳೇ.

ನಿನ್ನ ಅಮ್ಮ
ಗುಡ್ರುನ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಅಮ್ಮನಿಗೆ ನಿನ್ನದೂ ಒಂದು ಮಾತು ಬರೆಯಲಾ ಎಂದು ಮೆರ್ಲೆಯನ್ನು ಕೇಳಿದೆ. ಮೊದಲೆಲ್ಲ ಯಾವಾಗ ಬರ್ತಾಳೆ ಎಂದು ದಿನವೂ ನನ್ನ ತಲೆ ತಿನ್ನುತ್ತಿದ್ದವಳು, ಗೊದಮೊಟ್ಟೆ ಬಂದಮೇಲೆ ಒಮ್ಮೆಯೂ ಕೇಳಿಲ್ಲ. ಈಗ ಕೋಲು ಕೆತ್ತುತ್ತಲೇ ಹೇಳಿದಳು: "ಅಮ್ಮಂಗೆ ಹೇಳು, ಬರದಿದ್ರೂ ಪರವಾಗಿಲ್ಲ. ಹೋದದ್ದು ತಪ್ಪಲ್ಲ. ನಾನು ಬೆಳೀತೀನಿ." ನಗುನಗುತ್ತಲೇ ಹೇಳಿದಳು, ಮರೈಕೆ. ನಾನು ಕಪ್ಪೆಯ ವಿಷಯ ಹೇಳಿದ್ದು ಮಗಳೇ, ನಿನ್ನ ವಿಷಯ ಅಲ್ಲ. ಅದನ್ನು ಅವಳಿಗೆ ಹೇಗೆ ತಿಳಿಸಬೇಕೋ ನನಗೆ ಗೊತ್ತಾಗುತ್ತಿಲ್ಲ. ನೀನೇ ಬಂದು ತಿಳಿಸು.