ಅನ್ಸೆಲ್ಮೊ ಎಂಬ ಮೊಮ್ಮಗ

ಪಂಗಾನಿ, ನೈರೋಬಿ
೧೪ ಜುಲೈ ೨೦೧೩, ಭಾನುವಾರ

ಪ್ರೀತಿಯ ಗಿರಿಜಾ,

ಅತ್ತೆಯವರ ಕಣ್ಣಿನ ಕಟ್ಟು ಬಿಚ್ಚಿದರೇ? ನಿನ್ನ ಮಂಡಿ ಹೇಗಿದೆ? ಮೈಸೂರಿಗೆ ಹೋದೆನೆಂದು ದಿನಕ್ಕೆ ಹತ್ತು ಸಲ ಮಹಡಿ ಹತ್ತಬೇಡ. ಇಲ್ಲಿ ಬಿಸಿಲೇ ಇಲ್ಲದ ಚಳಿ. ನಾನು ಕ್ಷೇಮ. ಸಾರು ಮಾಡುವುದನ್ನು ಕಲಿತಿದ್ದೇನೆ, ಉಪ್ಪು ಮಾತ್ರ ಇನ್ನೂ ಅಂದಾಜಿಗೆ ಸಿಕ್ಕಿಲ್ಲ. ಮೊಮ್ಮಗ ಬೋರಲು ಬೀಳುತ್ತಾನೆ, ಬಿದ್ದ ಮೇಲೆ ನಮ್ಮನ್ನೇ ಬೈಯುವವನಂತೆ ನೋಡುತ್ತಾನೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ತಮ್ಮನ ಮನೆಯವರೆಲ್ಲ ಸುತ್ತ ನಿಂತಿರುತ್ತಾರೆ. ನಮ್ಮ ಔಷಧಿ ಫ್ಯಾಕ್ಟರಿಯ ದ್ವಾರಕಾನಾಥ್ ಗುರುವಾರ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ವಿಷಯ ಹೆಸರಿನದು. ಕಳೆದ ವಾರ ಊಟದ ನಡುವೆ ನಿಹಾರಿಕಾ, ಮಗುವಿಗೆ ಅನ್ಸೆಲ್ಮೊ ಎಂದು ಇಡುತ್ತಿದ್ದೇವೆ ಎಂದಳು. ಲಾರೆನ್ಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಅದು ಅವನ ತೀರಿಕೊಂಡ ತಂದೆಯ ಹೆಸರಂತೆ. ಹಿಂದೆ ಮಂಗಳೂರಿನಲ್ಲಿ ಅವರ ಇಗರ್ಜಿಗೆ ಬಂದಿದ್ದ ಯಾರೋ ಇಟಲಿಯ ಪಾದ್ರಿಯಿಂದ ಮನೆತನಕ್ಕೆ ಬಂದದ್ದು. ಅವರಲ್ಲಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರೇ ಪದ್ಧತಿ. ನಾನು ಯೋಚಿಸಿ ಹೇಳುತ್ತೇನೆ ಎಂದೆ. "ಯೋಚ್ನೆ ಮಾಡೋಕೇನಿದೆ ಅಪ್ಪಾ, ಇಟ್ಸ್ ಜಸ್ಟ್ ಎ ನೇಮ್" ಎಂದಳು. ಬರೀ ಹೆಸರೇ ಆಗಿದ್ದರೆ ಅಳಿಯ ಅಷ್ಟು ಹೊತ್ತು ಬೇಳೆಯನ್ನು ನೋಡುತ್ತಾ ಕೂರಬೇಕಿರಲಿಲ್ಲ.

ದ್ವಾರಕಾನಾಥ್ ಕೇಳಿ, "ನಮ್ಮ ಮಾತ್ರೆ ಹೆಸರಿದ್ದ ಹಾಗಿದೆ ಸಾರ್, ಬೆಳಿಗ್ಗೆ ಒಂದು ರಾತ್ರಿ ಒಂದು, ಊಟ ಆದ್ಮೇಲೆ" ಎಂದರು. ಮಾತ್ರೆ ಪ್ಯಾಕ್ ಮಾಡುವ ಯಂತ್ರದ ರಿಪೇರಿಗೆ ಇಟಲಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದಾನೆ. ಅವನನ್ನೂ ಕೇಳಿದೆ. ಅವನ ಅಜ್ಜಿಯ ಅಣ್ಣನಿಗೆ ಆ ಹೆಸರಿತ್ತಂತೆ: ದೊಡ್ಡ ಮೀಸೆ, ಯಾರಿಗೂ ಹಣ್ಣು ಕೊಡದ ಅಂಜೂರದ ಮರ, ಮನೆಯವರೊಂದಿಗೆ ಸಾಯುವವರೆಗೂ ಜಗಳ. ಈಗ ಅಲ್ಲಿ ಯಾರೂ ಮಕ್ಕಳಿಗೆ ಅದನ್ನು ಇಡುವುದಿಲ್ಲವಂತೆ, ಸಮಾಧಿಕಲ್ಲಿನ ಮೇಲೆ ಓದಬಹುದಂತೆ. ತನ್ನ ನೆಲದಲ್ಲೇ ಮುದಿಯಾಗಿ ಸತ್ತ ಹೆಸರು ನಮ್ಮ ಮನೆಯ ತೊಟ್ಟಿಲು ಹುಡುಕಿಕೊಂಡು ಬಂದಿದೆ.

ಅಜ್ಜನ ಹೆಸರು ಹೊತ್ತವನ ಪಾಡು ನನಗೆ ಗೊತ್ತು. ನನಗಿಟ್ಟ ವಿಶ್ವನಾಥ ನನ್ನ ಅಜ್ಜನದು. ಮಾವನ ಹೆಸರು ಬಾಯಲ್ಲಿ ಹೇಳಬಾರದೆಂದು ಅಮ್ಮ ಕೊನೆಯವರೆಗೂ ನನ್ನನ್ನು ಅಪ್ಪಯ್ಯ ಎಂದೇ ಕರೆದಳು. ನನ್ನ ಹೆಸರು ಅವಳ ದನಿಯಲ್ಲಿ ಹೇಗೆ ಕೇಳುತ್ತಿತ್ತೋ ನನಗೆ ತಿಳಿಯದು. ಇಂಥ ಹೆಸರು ಮಗುವನ್ನು ಕರೆಯುವುದಕ್ಕಲ್ಲ, ಮಗು ಯಾರ ಕಡೆಯದು ಎಂದು ಸಾರುವುದಕ್ಕೆ.

ನಾಮಕರಣವೂ ಬೇಡ, ಜ್ಞಾನಸ್ನಾನವೂ ಬೇಡ, ದೊಡ್ಡವನಾದ ಮೇಲೆ ಬೇಕಾದ್ದನ್ನು ಅವನೇ ಆರಿಸಿಕೊಳ್ಳಲಿ ಎಂದು ಎರಡೂ ಕಡೆಯವರು ನಮ್ಮ ನಡುಮನೆಯಲ್ಲೇ ಕೂತು ಒಪ್ಪಿದ್ದೆವು. ಆದರೆ ಮೊನ್ನೆ ಮಗುವಿನ ಟೋಪಿ ಹುಡುಕುವಾಗ ಅವರ ಬೀರುವಿನಲ್ಲಿ ಜ್ಞಾನಸ್ನಾನಕ್ಕೆ ಮಗುವಿಗೆ ಉಡಿಸುವಂಥ ಬಿಳಿ ಲೇಸಿನ ನಿಲುವಂಗಿ ಸಿಕ್ಕಿತು. ಮೇ ತಿಂಗಳಲ್ಲಿ ಬಂದಿದ್ದ ಲಾರೆನ್ಸನ ತಾಯಿ ತಂದದ್ದಿರಬೇಕು. ಒಗೆದು ಇಸ್ತ್ರಿ ಮಾಡಿದ್ದಾರೆ. ಉಡಿಸದ ಬಟ್ಟೆಯನ್ನು ಯಾಕೆ ಒಗೆಯುತ್ತಾರೆ? ಜೊತೆಗೆ ಬತ್ತಿ ಸುಟ್ಟ ಒಂದು ಮೇಣದಬತ್ತಿ. ನಿಹಾರಿಕಾಳನ್ನು ಕೇಳಿದರೆ "ಕರೆಂಟ್ ಹೋದಾಗ ಹಚ್ಚಿದ್ವಿ" ಎಂದಳು. ಪಂಗಾನಿಯಲ್ಲಿ ಕರೆಂಟು ಹೋಗುತ್ತದೆ, ನಿಜ. ಆದರೆ ಯಾರೂ ರಿಬ್ಬನ್ ಕಟ್ಟಿದ ಮೇಣದಬತ್ತಿ ಹಚ್ಚುವುದಿಲ್ಲ.

ನನ್ನ ಬೆನ್ನ ಹಿಂದೆ ಏನೋ ನಡೆದಿದೆ ಗಿರಿಜಾ. ನನಗೆ ದೇವರ ಚಿಂತೆಯಿಲ್ಲ, ಅದು ನಿನಗೆ ಗೊತ್ತು. ಇಲ್ಲಿ ನನ್ನನ್ನು ಯಾವ ಲೆಕ್ಕದಲ್ಲಿಟ್ಟಿದ್ದಾರೆ ಎಂಬುದಷ್ಟೇ ಬೇಕು. ನೀನು ಕೇಳಿದರೆ ನಿಹಾರಿಕಾ ಸುಳ್ಳು ಹೇಳುವುದಿಲ್ಲ. ಅವಳಿಗೆ ಫೋನು ಮಾಡಿ ಮೆಲ್ಲಗೆ ವಿಚಾರಿಸು. ನಾನು ಬರೆದೆನೆಂದು ಹೇಳಬೇಡ.

ಅತ್ತೆಯವರಿಗೆ ನನ್ನ ನಮಸ್ಕಾರ, ನಿನ್ನ ತಮ್ಮನ ಮಕ್ಕಳಿಗೆ ಆಶೀರ್ವಾದ. ಮಾತ್ರೆ ಮರೆಯಬೇಡ.

ನಿನ್ನ,
ವಿಶ್ವನಾಥ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇಷ್ಟು. ಈಗಷ್ಟೇ ನಿಹಾರಿಕಾ, ಮಗು ಬೋರಲು ಬಿದ್ದ ಫೋಟೊ ನೋಡು ಎಂದು ಫೋನು ಕೈಗೆ ಕೊಟ್ಟಳು. ನನ್ನ ಬೆರಳು ಮುಂದಕ್ಕೆ ಜಾರಿತು. ಇಗರ್ಜಿಯ ಮೆಟ್ಟಿಲು, ಲಾರೆನ್ಸನ ಕೈಯಲ್ಲಿ ಮೇಣದಬತ್ತಿ, ಬಿಳಿ ನಿಲುವಂಗಿಯಲ್ಲಿ ಪುಟ್ಟ. ಅವನನ್ನು ಎತ್ತಿಕೊಂಡವರ ಮುಖ ಬಂದಿಲ್ಲ. ಸಾಸಿವೆ ಬಣ್ಣದ ರೇಷ್ಮೆ ಸೀರೆ ಬಂದಿದೆ, ನಾನೇ ನಿನಗೆ ಕೊಡಿಸಿದ್ದು. ನಿಹಾರಿಕಾ "ಸಾಕು, ಕೊಡಪ್ಪಾ" ಎಂದು ಫೋನು ಕಿತ್ತುಕೊಂಡಳು. ಈಗ ನೀನು ಅವಳನ್ನು ಏನೂ ವಿಚಾರಿಸಬೇಕಾಗಿಲ್ಲ. ನನ್ನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಬೇಡವೆಂದು, ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ನಿಮ್ಮನ್ನೆಲ್ಲ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮೇ ತಿಂಗಳಲ್ಲಿ ನಾನು ಮನೆಯಲ್ಲಿಲ್ಲದ ಭಾನುವಾರ ಒಂದೇ, ಆ ದಿನ ಕಾರು ನನ್ನ ಜೊತೆ ಫ್ಯಾಕ್ಟರಿಯಲ್ಲಿತ್ತು. ಆ ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು, ನೀವು ಜನ ತುಂಬಿ ತುಳುಕುವ ಮಟಾಟು ವ್ಯಾನು ಹತ್ತಿ ಹೋದಿರಾ?